ಎರಡು ಸೇರು ಕುಸುಬೆ ಎಣ್ಣೆ

೧೯೫೬ರ ಅಕ್ಟೋಬರ್ ಇಪ್ಪತ್ತೆಂಟು, ಭಾನುವಾರ. ಬೀದರಿಗೆ ಹತ್ತಿರದ ಅಷ್ಟೂರಿನಲ್ಲಿ ಇನ್ನೂ ಪೂರ್ತಿ ಬೆಳಗಾಗಿಲ್ಲ. ಶಿವರಾಜಪ್ಪ ಎಂಬ ರೈತರ ಹೊಲದ ಅಂಚಿನಲ್ಲಿ, ಮೂರು ಕಲ್ಲಿನ ಒಲೆಯ ಮೇಲೆ, ಹಂಡೆ ಕುದಿಯುತ್ತಿದೆ. ಅದರಲ್ಲಿರುವುದು ಅಗಸರು ಬಟ್ಟೆ ಬೇಯಿಸುವ ಸವಳಿನ ನೀರು. ಮಚ್ಛೇಂದ್ರ ಅದನ್ನು ಸೌಟಿನಲ್ಲಿ ಮೊಗೆದು, ಹತ್ತು ಹೆಜ್ಜೆ ನಡೆದು, ಎದೆ ತೆರೆದು ನಿಂತಿರುವ ಕರಿ ಶೆವರ್ಲೆ ಕಾರಿನ ಎಂಜಿನ್ನಿಗೆ ಸುರಿಯುತ್ತಾರೆ. ಆರು ಸಿಲಿಂಡರು, ಒಂದೊಂದಕ್ಕೆ ಎರಡು ಸೌಟು. ಸುರಿದು ಅರವತ್ತು ಎಣಿಸುತ್ತಾರೆ. ಚಿಂದಿಯಿಂದ ಹೀರಿಸಿ ತೆಗೆದು, ಹಿಂಡಿ, ಮತ್ತೆ ಸುರಿಯುತ್ತಾರೆ. ಹಿಂಡಿದ ನೀರನ್ನು ಮೂಡಣದ ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾರೆ. ಜೇನಿನ ಬಣ್ಣ ಬಂದಿದ್ದರೆ ಒಳಗೆ ಏನೋ ಕರಗುತ್ತಿದೆ ಎಂದರ್ಥ.

ಇಪ್ಪತ್ತು ಸುತ್ತು ಮುಗಿದ ಮೇಲೆ ಅವರು ಎಂಜಿನ್ನಿನ ಬೆನ್ನಿಗಿರುವ ದೊಡ್ಡ ಚಕ್ರದ ಹಲ್ಲಿಗೆ ಕಬ್ಬಿಣದ ಹಾರೆ ಕೊಟ್ಟು, ಅದರ ಮೇಲೆ ಮೈಭಾರ ಬಿಡುತ್ತಾರೆ. ಜಗ್ಗುವುದಿಲ್ಲ, ಒದೆಯುವುದಿಲ್ಲ. ಉಸಿರು ಹಿಡಿದು ಒರಗುತ್ತಾರೆ, ಅಷ್ಟೆ. ಚಕ್ರ ಕದಲುವುದಿಲ್ಲ.

“ಏನ್ ಮಚ್ಛೇಂದ್ರ, ನಮ್ಮ ಎಮ್ಮಿ ಎದ್ದಿತೇನು?” ಶಿವರಾಜಪ್ಪನವರು ಬೇವಿನ ಕಡ್ಡಿ ಅಗಿಯುತ್ತ ಬರುತ್ತಾರೆ. “ಎಂಟು ವರ್ಷ ನನ್ನ ಕಣಕಿ ಹೊದ್ದು ಮಲಗ್ಯದ. ಹಾಲಿಲ್ಲ, ಸೆಗಣಿ ಸೈತ ಇಲ್ಲ. ಸುಮ್ನ ಏಳ್ತದಾ? ನಾಕು ಎತ್ತು ಕಟ್ತೇನಿ, ನೀ ಗೇರಿಗಿ ಹಾಕು. ಎಳದ್ರ ತಿರಗ್ತದ.”

“ಬ್ಯಾಡ್ರಿ ಮಾಲಕರ. ತಿರಗಂಗಿಲ್ಲ, ಮುರೀತದ. ಒಳಗ ಒಂದು ರಾಡು ಬಾಗ್ತಂದ್ರ ಬೊಂಬಾಯಿತನಕ ಹುಡಕಿದ್ರೂ ಸಿಗಂಗಿಲ್ರಿ.”

“ಇವತ್ತು ಇಪ್ಪತ್ತೆಂಟು ತಾರೀಖು.”

“ಗೊತ್ತದ್ರಿ.”

ತಾರೀಖು ಬೀದರಿನಲ್ಲಿ ಎಲ್ಲರಿಗೂ ಗೊತ್ತು. ನವೆಂಬರ್ ಒಂದಕ್ಕೆ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರುತ್ತದೆ. ದಫ್ತರಗಳಲ್ಲಿ ಕಡತಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಹೆಸರು ಬರೆಯುತ್ತಿದ್ದಾರೆ, ಕೆಲವು ಆ ಕಡೆಗೆ, ಕೆಲವು ಈ ಕಡೆಗೆ. ಗಾಡಿಗಳ ಪಟ್ಟಿ ಇಟ್ಟವರಿಂದಲೂ ಒಂದು ಚೀಟಿ ಬಂದಿದೆ. ವರ್ಷಗಟ್ಟಲೆ ಓಡದೆ ಬಿದ್ದಿರುವ ಗಾಡಿ ಮೂವತ್ತೊಂದರ ಸಂಜೆ ಐದರೊಳಗೆ ತನ್ನ ಬಲದಿಂದಲೇ ದಫ್ತರದ ಮುಂದೆ ಬಂದು ನಿಂತರೆ ಹೊಸ ಪಟ್ಟಿಗೆ ಅದರ ಹೆಸರು ಏರುತ್ತದೆ. ಬರದಿದ್ದರೆ ಹೆಸರಿನ ಮೇಲೆ ಗೆರೆ. ಗೆರೆ ಬಿದ್ದ ಗಾಡಿ ರಸ್ತೆಗೆ ಇಳಿಯುವ ಹಾಗಿಲ್ಲ. ಅದು ಬರೀ ಕಬ್ಬಿಣ.

ಕಾರು ಔರಾದದ ರಹೀಮುನ್ನಿಸಾ ಬೇಗಂ ಅವರದು. ಅವರ ಗಂಡ ಡಾಕ್ಟರ್ ಅಬ್ದುಲ ಅಜೀಜ ಔರಾದದಲ್ಲಿ ದವಾಖಾನೆ ನಡೆಸುತ್ತಿದ್ದರು. ಗಂಡನಿಂದ ಕಲಿತ ಹೆರಿಗೆಯ ಕೆಲಸವನ್ನು ಬೇಗಂ ಇಂದಿಗೂ ಬಿಟ್ಟಿಲ್ಲ. ತಿಂಗಳಿಗೆ ಹನ್ನೆರಡು, ಹದಿನೈದು ಕೂಸುಗಳು ಅವರ ಕೈಗೆ ಬರುತ್ತವೆ. ಆದರೆ ಔರಾದಕ್ಕೆ ರೈಲಿಲ್ಲ. ಬೀದರಿಗೆ ದಿನಕ್ಕೆ ಎರಡು ಬಸ್ಸು. ಎರಡನೆಯದು ಹೋದ ಮೇಲೆ ಯಾರಿಗಾದರೂ ನೋವು ಅಡ್ಡ ತಿರುಗಿದರೆ ಇಪ್ಪತ್ತೈದು ಮೈಲಿಯನ್ನೂ ಎತ್ತಿನ ಗಾಡಿಯಲ್ಲೇ ಹೋಗಬೇಕು. ಈ ಮುಂಗಾರಿನಲ್ಲಿ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಹಾಗೆ ಹೋಗುತ್ತಲೇ ದಾರಿಯಲ್ಲಿ ತೀರಿಕೊಂಡಳು. ಬೇಗಂ ಗಾಡಿಯ ಪಕ್ಕದಲ್ಲಿ ಅವಳ ಕೈ ಹಿಡಿದು ನಡೆಯುತ್ತಿದ್ದರು.

ಮರುವಾರವೇ ಅವರು ಭಾಲ್ಕಿಯಲ್ಲಿದ್ದ ಮಚ್ಛೇಂದ್ರರಿಗೆ ಕಾಗದ ಬರೆದರು. ಉರ್ದುವಿನಲ್ಲಿ ಎರಡೇ ಸಾಲು. “ಗಾಡಿ ಎಬ್ಬಿಸಿಕೊಡು. ಓಡಿಸಲು ಬೀದರಿನಲ್ಲಿ ಬೇರೊಬ್ಬನನ್ನು ನೋಡಿದ್ದೇನೆ.” ಆ ಕಾಗದ ಮಚ್ಛೇಂದ್ರರ ಅಂಗಿಯ ಜೇಬಿನಲ್ಲಿದೆ. ಮೊದಲ ಸಾಲಿಗಾಗಿ ಅವರು ಬಂದಿದ್ದಾರೆ. ಎರಡನೆಯ ಸಾಲಿನ ಬಗ್ಗೆ ಯಾರನ್ನೂ ಏನನ್ನೂ ಕೇಳಿಲ್ಲ.

ಮಚ್ಛೇಂದ್ರರಿಗೆ ಈಗ ನಲವತ್ತೊಂದು. ಔರಾದದ ಹೊರಕೇರಿಯಲ್ಲಿ ಹುಟ್ಟಿದವರು. ಹದಿನೆಂಟು ವರ್ಷದ ಹಿಂದೆ ಈ ಕಾರು ಡಾಕ್ಟರ ಮನೆಗೆ ಬಂದ ದಿನವೇ ಅದನ್ನು ತೊಳೆಯಲು ಸೇರಿ, ಎರಡು ವರ್ಷದಲ್ಲಿ ಸ್ಟೇರಿಂಗ್ ಹಿಡಿದರು. ತಿಂಗಳಿಗೆ ಆರುನೂರು ಮೈಲಿ. ಮಳೆಗಾಲದ ಎರೆಮಣ್ಣಿನಲ್ಲಿ ಅದರಲ್ಲಿ ಅರ್ಧ ತಳ್ಳಿದ್ದೇ. “ಗಾಡ್ಯಾಗ ಕುಂತಾಗ ಎಲ್ಲಾ ಊರ ಅಗಸಿ ಬಾಗಲಾ ತೆರೀತಿದ್ದವ್ರಿ,” ಎನ್ನುತ್ತಾರೆ. “ಹಾರನ್ ಕೇಳಿದ್ರ ಸಾಕು, ಪಾಟೀಲ್ರು ಎದ್ದು ಬರ್ತಿದ್ರು. ನಾ ಇಳದ್ನೆಂದ್ರ ಕುಡಿಯೋ ನೀರಿಗಿ ಹೊರಗ ನಿಲ್ಬೇಕು. ಅದಕ್ಕ ನನಗ ಗಾಡಿ ಇಳಿಯೋದಂದ್ರನೇ ಬ್ಯಾಸರ.” ಅಷ್ಟೂರಿನಲ್ಲಿಯೂ ಅವರ ಚಹಾದ ಬಟ್ಟಲು ಹೊರಗೋಡೆಯ ಗೂಡಿನಲ್ಲಿರುತ್ತದೆ. ಶಿವರಾಜಪ್ಪನವರು ಬಸವಣ್ಣನ ಮಾತು ಆಡುವವರು, ಒಳ್ಳೆಯವರು. ಬಟ್ಟಲು ಮಾತ್ರ ಗೂಡಿನಲ್ಲೇ ಇದೆ.

ಮಚ್ಛೇಂದ್ರರ ತಮ್ಮ ಗೋರಖನಾಥ ಈ ದಸರೆಗೆ ನಾಗಪುರಕ್ಕೆ ಹೋಗಿ ಬುದ್ಧನ ದೀಕ್ಷೆ ತೆಗೆದುಕೊಂಡು ಬಂದಿದ್ದಾರೆ. ಅದೇ ದಿನ ಮಚ್ಛೇಂದ್ರ ಇಲ್ಲಿ ಬಣವೆ ಬಿಚ್ಚುತ್ತಿದ್ದರು. “ಅಣ್ಣಾ, ಜಗತ್ತೇ ಮಗ್ಗಲು ಬದಲಸ್ಲತ್ತದ, ನೀ ಸತ್ತ ಗಾಡಿ ಮುಂದ ಕುಂತಿ,” ಎಂದು ತಮ್ಮ ಛೇಡಿಸಿದರೆ, “ಸತ್ತದೋ ಮಲಗ್ಯದೋ ನೋಡಿ ಬರ್ತೇನಿ, ತಡಿ,” ಎಂದರಂತೆ.

ಕಾರು ಬಣವೆಯೊಳಗೆ ಸೇರಿದ್ದು ನಲವತ್ತೆಂಟರಲ್ಲಿ. ಆ ಆಗಸ್ಟಿನಲ್ಲಿ ಡಾಕ್ಟರು ಜ್ವರದಿಂದ ತೀರಿಹೋದರು. ಮುಂದಿನ ತಿಂಗಳೇ ನಿಜಾಮನ ಮೇಲೆ ಪೊಲೀಸ್ ಆಕ್ಷನ್. ಕೈಯಲ್ಲಿ ಬಂದೂಕಿದ್ದವರು ಕಣ್ಣಿಗೆ ಬಿದ್ದ ಮೋಟಾರನ್ನು ಹೊಡೆದುಕೊಂಡು ಹೋಗುತ್ತಿದ್ದ ದಿನಗಳು. ಮಚ್ಛೇಂದ್ರ ಕಾರನ್ನು ಕಾಡುದಾರಿ ಹಿಡಿದು ಅಷ್ಟೂರಿಗೆ ತಂದರು. ಹೆಂಡತಿಯ ಹೆರಿಗೆಯಲ್ಲಿ ಡಾಕ್ಟರ ಉಪಕಾರ ಉಂಡಿದ್ದ ಶಿವರಾಜಪ್ಪನವರು, ಕಾರಿನ ಸುತ್ತ ಮಣ್ಣಿನ ಗೋಡೆ ಎಬ್ಬಿಸಿ, ಮೇಲೆ ತಗಡು ಹೊದಿಸಿ, ಅದನ್ನೆಲ್ಲ ಮುಚ್ಚುವಂತೆ ಜೋಳದ ಕಣಿಕೆ ಒಟ್ಟಿದರು. ಹೊರಗಿನವರಿಗೆ ಅದೊಂದು ಬಣವೆ. ಪ್ರತಿ ಸುಗ್ಗಿಗೆ ಹಳೆಯ ಕಣಿಕೆ ದನಕ್ಕೆ ಹೋಗಿ ಹೊಸದು ಏರುತ್ತಿತ್ತು. ಒಳಗೇನಿದೆ ಎಂದು ಅವರ ಅಳಿಯನಿಗೂ ತಿಳಿಯದು.

ಬಣವೆ ಮುಚ್ಚುವ ಮೊದಲು ಮಚ್ಛೇಂದ್ರ ಮೂರು ಕೆಲಸ ಮಾಡಿದರು. ಕಾರಿನ ಗಾಲಿ ಬಿಚ್ಚಿ ಅಟ್ಟಕ್ಕೇರಿಸಿದರು. ನೀರು ಇಳಿಸಿದರು. ಪ್ಲಗ್ಗು ತೆಗೆದು, ಒಳಗೆ ತುಕ್ಕು ಹಿಡಿಯದಿರಲೆಂದು ಆರೂ ಸಿಲಿಂಡರಿಗೆ ಎಣ್ಣೆ ಬಿಟ್ಟರು.

ಆ ಎಣ್ಣೆಯೇ ಈಗ ಅವರ ಎದೆಯ ಮೇಲೆ ಕೂತಿದೆ. ಎಂಜಿನ್ ಎಣ್ಣೆ ಆ ದಿನಗಳಲ್ಲಿ ಎಲ್ಲಿಯೂ ಸಿಗುತ್ತಿರಲಿಲ್ಲ. ಡಾಕ್ಟರ ಅಡುಗೆಮನೆಯ ಕಿಟಕಿಯಲ್ಲಿ ಎರಡು ಸೇರು ಕುಸುಬೆ ಎಣ್ಣೆಯ ಡಬ್ಬಿ ಇತ್ತು. ಕಾರು ಹೊರಡಿಸುವಾಗ ಅದನ್ನೇ ಎತ್ತಿಕೊಂಡು ಬಂದು, ಇಲ್ಲಿ ಬಿಟ್ಟರು. ಕೈ ಹಿಂದೆಗೆಯಲಿಲ್ಲ, ಏಕೆಂದರೆ ಅದು ಅವರಿಗೆ ತಾಯಿಯಿಂದ ಬಂದ ವಿದ್ಯೆ. ಮಳೆಗಾಲಕ್ಕೆ ಮೊದಲು ಅವರ ಅವ್ವ ಕುಡಗೋಲು, ಕಳೆ ತೆಗೆಯುವ ಕುರ್ಚಿಗೆಗಳಿಗೆಲ್ಲ ಕುಸುಬೆ ಎಣ್ಣೆ ಸವರಿ ಜಂತೆಗೆ ಸಿಕ್ಕಿಸುತ್ತಿದ್ದಳು. ನಾಲ್ಕು ತಿಂಗಳಾದರೂ ತುಕ್ಕು ಹತ್ತುತ್ತಿರಲಿಲ್ಲ. “ಕಬ್ಬಿಣಕ್ಕ ಕುಸಬಿ ಎಣ್ಣಿ ಅಂತಿದ್ದಳ್ರಿ ಅವ್ವ. ಎಂಜಿನ್ನೂ ಕಬ್ಬಿಣೇ ಅಲ್ಲೇನ್ರಿ?”

ಕುಸುಬೆ ಎಣ್ಣೆ ಗಾಳಿಗೆ ಒಣಗಿ ತೊಗಲು ಕಟ್ಟುತ್ತದೆ. ಕುಡಗೋಲಿಗೆ ಅದೇ ಕಾವಲು. ಆದರೆ ಒಂದಕ್ಕೊಂದು ಉಜ್ಜಿ ಜಾರಬೇಕಾದ ಕಡೆ ಅದೇ ಅಂಟು. ಎಂಟು ಬೇಸಿಗೆ ಕಳೆದ ಮೇಲೆ, ಈ ತಿಂಗಳ ಇಪ್ಪತ್ತರಂದು, ಮಚ್ಛೇಂದ್ರ ಎಂಜಿನ್ನಿನ ಮುಚ್ಚಳ ಎತ್ತಿ ನೋಡಿದಾಗ ಒಳಗೆ ತುಕ್ಕಿನ ಕೆಂಪು ಕಾಣಲಿಲ್ಲ. ಅರಗಿನಂತೆ ಹೊಳೆಯುವ ಹಳದಿ. ಉಗುರಿನಿಂದ ಕೆರೆದು, ಮೂಸಿ ನೋಡಿ, ಹಾಗೇ ನೆಲಕ್ಕೆ ಕೂತರು. ಗಾಡಿಯನ್ನು ಕಟ್ಟಿಹಾಕಿದ್ದು ಕಾಲವಲ್ಲ, ಇಲಿಯಲ್ಲ, ಮಳೆಯಲ್ಲ. ತಮ್ಮದೇ ಕೈ. ಅದನ್ನು ಅವರು ಯಾರಿಗೂ ಹೇಳಲಿಲ್ಲ.

ಇಪ್ಪತ್ತನಾಲ್ಕರಂದು ಬೀದರಿನ ಮಿಸ್ತ್ರಿಯೊಬ್ಬ ಬಂದ. ಬಗ್ಗಿ ನೋಡುವ ತೊಂದರೆ ತೆಗೆದುಕೊಳ್ಳದೆ ಸುತ್ತಿಗೆಯ ಹಿಡಿಯಿಂದ ಎರಡು ಬಾರಿ ತಟ್ಟಿದ. “ಜಂಗು ಹಿಡದದ. ಪೂರಾ ಜಾಮ್. ಎತ್ತು ಕಟ್ಟಿ ಎಳಸ್ರಿ, ಇಲ್ಲಾಂದ್ರ ತೂಕಕ್ಕ ಹಾಕ್ರಿ.” ತುಕ್ಕು ಹಿಡಿದಿದೆ, ಎಳೆಸಬೇಕು ಎಂದು ಔರಾದದ ಬೇಗಂಗೂ ಹೇಳಿಕಳಿಸಿದ.

ನಾಲ್ಕು ಡಬ್ಬಿ ಚಿಮಣಿ ಎಣ್ಣೆ ಕುಡಿದರೂ ಆ ಹಳದಿ ಅಲುಗಲಿಲ್ಲ. ಉಪಾಯ ಸಿಕ್ಕಿದ್ದು ಭಾಲ್ಕಿಯಲ್ಲಿ. ಅಲ್ಲಿಯ ಬೇಳೆ ಮಿಲ್ಲಿನ ಆಯಿಲ್ ಎಂಜಿನ್ನನ್ನು ಮಚ್ಛೇಂದ್ರ ಎಂಟು ವರ್ಷದಿಂದ ನೋಡಿಕೊಳ್ಳುತ್ತಿದ್ದಾರೆ. ಬೆಳಗಿನ ಐದರಿಂದ ರಾತ್ರಿ ಏಳರವರೆಗೆ, ದಿನಕ್ಕೆ ಹದಿನಾಲ್ಕು ತಾಸು, ಅದರ ಗುಡುಗಿನ ಪಕ್ಕದಲ್ಲಿ. ಇಪ್ಪತ್ತಾರರಂದು ಅಲ್ಲಿಂದ ಬ್ಯಾಟರಿ ಮತ್ತು ಮುಚ್ಚಳದಡಿ ಹಾಕುವ ತಾಮ್ರದ ಹಾಳೆ ತರಲು ಹೋದಾಗ ಹೆಂಡತಿ ಅಂಜನಾಬಾಯಿ ಎಣ್ಣೆಯ ಗಡಿಗೆ ತಿಕ್ಕುತ್ತಿದ್ದರು. ಪಕ್ಕದಲ್ಲಿ ಸವಳಿನ ನೀರು ಕುದಿಯುತ್ತಿತ್ತು. ಮಚ್ಛೇಂದ್ರ ನಿಂತು ನೋಡಿದರು.

“ಏನ್ ನೋಡ್ತೀರಿ? ಕುಸಬಿ ಜಿಡ್ಡು ಚಿಮಣಿ ಎಣ್ಣಿಗಿ ಬಗ್ಗಂಗಿಲ್ಲ. ಸವಳಿನ್ಯಾಗ ಕುದಿಬೇಕು, ಮ್ಯಾಲ ಜರಾ ಸಬೂರಿ ಬೇಕು. ನಿಮ್ಮ ಹಂತ್ಯಾಕ ಎರಡೂ ಇಲ್ಲ.”

ಸವಳು ಗಂಟುಕಟ್ಟಿಕೊಂಡು ಅವರು ಅಂದೇ ತಿರುಗಿ ಬಂದರು. ಇಪ್ಪತ್ತೆಂಟು ಹೋಯಿತು. ಇಪ್ಪತ್ತೊಂಬತ್ತೂ ಹೋಯಿತು. ಹಿಂಡಿದ ನೀರು ಜೇನಿನ ಬಣ್ಣದಲ್ಲೇ ಬರುತ್ತಿದೆ. ಚಕ್ರ ಮಾತ್ರ ನಿಂತಲ್ಲೇ ನಿಂತಿದೆ.

ಮೂವತ್ತರ ಮಧ್ಯಾಹ್ನ ಬೀದರಿನಿಂದ ಟಾಂಗಾ ಬರುತ್ತದೆ. ಗಂಡನ ಚರ್ಮದ ಚೀಲ ಹಿಡಿದು ರಹೀಮುನ್ನಿಸಾ ಬೇಗಂ ಇಳಿಯುತ್ತಾರೆ. ಐವತ್ತರ ಹೆಣ್ಣುಮಗಳು, ಬುರ್ಖಾದ ಮುಸುಕನ್ನು ಹಿಂದಕ್ಕೆ ಹಾಕಿ ನೇರ ನೋಡುವವರು. ಹಿಂದಿನ ದಿನವೇ ಅವರು ಹೇಳಿಕಳಿಸಿದ್ದರಿಂದ ಶಿವರಾಜಪ್ಪನವರು ನಾಲ್ಕು ಎತ್ತು ಹೂಡಿ ನಿಲ್ಲಿಸಿದ್ದಾರೆ. ಅಟ್ಟದಿಂದ ಇಳಿಸಿದ ಗಾಲಿಗಳು ಕಾರಿಗೆ ಏರಿವೆ, ಸರಪಳಿ ಅದರ ಮೂತಿಗೆ ಬಿದ್ದಿದೆ.

“ಮಚ್ಛೇಂದ್ರ, ಗೇರಿಗಿ ಹಾಕು.”

ಮಚ್ಛೇಂದ್ರ ಎತ್ತುಗಳಿಗೂ ಕಾರಿಗೂ ನಡುವೆ ಹೋಗಿ ನಿಲ್ಲುತ್ತಾರೆ. “ಬ್ಯಾಡ್ರಿ ಬೇಗಂಸಾಬ. ಇನ್ನೊಂದು ದಿನ ಕೊಡ್ರಿ.”

“ದಿನ ಎಲ್ಲಿ ಅದಾವ? ನಾಳಿಗಿ ಮುದ್ದತ್ ಮುಗೀತದ. ಜಂಗು ಹಿಡದದ್ದು ಎಳದ್ರ ಬಿಡ್ತದ ಅಂತ ಮಿಸ್ತ್ರಿ ಹೇಳ್ಯಾನ. ಸರಿ ಆಕಡಿ.”

“ಅದು ಜಂಗು ಅಲ್ರಿ.”

“ಮತ್ತೇನು?”

ಒಂದು ಎತ್ತು ಗೊರಸು ಕೆರೆಯುತ್ತದೆ. ಜಂಗಾಗಿದ್ದರೆ ಎಳೆಯುವುದೇ ಸರಿ. ಜಂಗಲ್ಲ ಎಂದು ನಂಬಿಸಬೇಕಾದರೆ ಅದು ಏನೆಂದು ಹೇಳಬೇಕು. ಹೇಳಿದರೆ ತನಗೆ ಈ ಗಾಡಿಯ ಹತ್ತಿರ ನಿಲ್ಲುವ ಮುಖವೂ ಉಳಿಯುವುದಿಲ್ಲ. ಹೇಳದಿದ್ದರೆ ಗಾಡಿ ಉಳಿಯುವುದಿಲ್ಲ.

“ಕುಸಬಿ ಎಣ್ಣಿ ರಿ,” ಎನ್ನುತ್ತಾರೆ ಮಚ್ಛೇಂದ್ರ. “ಒಣಗಿ ಅರಗ ಆಗ್ಯದ. ಎಂಟು ವರ್ಷದ ಹಿಂದ ನಾನೇ ಹಾಕೀನ್ರಿ. ಗಲತಿ ನಂದು. ಎಳದ್ರ ಮುರೀತದ, ಕಾಯ್ದ್ರ ಬಿಡ್ತದ.”

ಬೇಗಂ ಸಿಟ್ಟಾಗುವುದಿಲ್ಲ. ಅವರ ಮುಖದಲ್ಲಿ ಬೇರೇನೋ ಸರಿದಾಡುತ್ತದೆ. “ಎಷ್ಟು ಎಣ್ಣಿ?”

“ಎರಡು ಸೇರ್ರಿ.”

“ಎಲ್ಲಿಂದು?”

“ನಿಮ್ಮ ಅಡಿಗಿಮನಿ ಕಿಡಕ್ಯಾಗಿಂದು. ಆವಾಗ ನೀವು ಇದ್ದತಿನ್ಯಾಗ ಕುಂತಿದ್ರಿ. ನಿಮ್ಮ ಮುಂದ ಬರೋಹಂಗಿರ್ಲಿಲ್ಲ, ಕೇಳೋಹಂಗಿರ್ಲಿಲ್ಲ.” ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಪರಗಂಡಸರ ಕಣ್ಣಿಗೆ ಬೀಳದೆ ಒಳಗಿರುವ ಇದ್ದತು. “ಅದು ಮುಗಿಯೋದ್ರಾಗ ನಾ ಹೊಟ್ಟಿಪಾಡಿಗಿ ಭಾಲ್ಕಿ ಸೇರಿದ್ನಿ. ಆಮ್ಯಾಲ ಹೇಳಬೇಕಂದ್ನಿ, ಹಂಗೇ ಉಳೀತು.”

ಬೇಗಂ ಚೀಲ ಕೆಳಗಿಟ್ಟು, ಪಕ್ಕದಲ್ಲಿದ್ದ ಕಲ್ಲಿನ ಮೇಲೆ ಕೂರುತ್ತಾರೆ.

“ಸಾಹೇಬರ ನಲವತ್ತನೇ ದಿನದ ಅಡಿಗಿಗಿ ಎತ್ತಿಟ್ಟಿದ್ದ ಎಣ್ಣಿ ಅದು. ಅಡಿಗಿ ಮಾಡೋ ಕುಲಸುಮಬೀ ಒಳಗ ಬಂದು ಹೇಳಿದಳು, ಡಬ್ಬಿ ಮಚ್ಛೇಂದ್ರ ಒಯ್ದ ಅಂತ. ನೆರೀಮನಿಗಿ ಕೈಯೊಡ್ಡಿ ಅಡಿಗಿ ಮಾಡಿಸಿನಿ.” ಅವರು ಚೀಲದ ಪಟ್ಟಿಯನ್ನು ಬಿಗಿಯುತ್ತಾರೆ. “ಎಂಟು ವರ್ಷ ನಿನ್ನ ಕಳ್ಳ ಅಂದುಕೊಂಡೀನಿ, ಮಚ್ಛೇಂದ್ರ. ಯಾರ ಮುಂದೂ ಆಡ್ಲಿಲ್ಲ. ಮಾಫ್ ಮಾಡೀನಿ ಅಂತ ನನಗ ನಾನೇ ದೊಡ್ಡಾಕಿ ಆಗಿ ಕುಂತಿದ್ದೆ.”

ಕಾಗದದ ಎರಡನೆಯ ಸಾಲು ಏಕೆ ಬಂತೆಂದು ಮಚ್ಛೇಂದ್ರರಿಗೆ ಆಗ ತಿಳಿಯುತ್ತದೆ. ಅವರು ಸರಪಳಿಯ ಕೊಂಡಿಯನ್ನೇ ನೋಡುತ್ತ ನಿಲ್ಲುತ್ತಾರೆ.

ಶಿವರಾಜಪ್ಪನವರು ನೊಗದ ಮೇಲೆ ಕೈಯಿಟ್ಟು ಕೆಮ್ಮುತ್ತಾರೆ. “ಹಂಗಾದ್ರ... ಎತ್ತು ಬಿಚ್ಚಲೇನ್ರಿ?”

“ಬಿಚ್ರಿ,” ಎನ್ನುತ್ತಾರೆ ಬೇಗಂ. ತೋಳು ಮೇಲಕ್ಕೇರಿಸಿ ಒಲೆಯ ಕಡೆ ನಡೆಯುತ್ತಾರೆ. “ಸೌಟು ಕೊಡು ಇಲ್ಲಿ. ಬಿಸಿನೀರು, ಚಿಂದಿ, ಸಬೂರಿ. ನಾ ದಿನಾ ಮಾಡೋದು ಇದೇ. ಎಳದು ತೆಗದ್ರ ಏನಾಗ್ತದಂತ ನನಗ ಮಿಸ್ತ್ರಿ ಹೇಳಬೇಕಾಗಿಲ್ಲ.”

ಕತ್ತಲಾಗುವವರೆಗೆ ಇಬ್ಬರೂ ಸುರಿಯುತ್ತಾರೆ. ಒಬ್ಬರು ಸುರಿದರೆ ಒಬ್ಬರು ಹಿಂಡುತ್ತಾರೆ.

ಮೂವತ್ತೊಂದು, ಬುಧವಾರ. ಬೆಳಗಿನ ಜಾವ ಹಿಂಡಿದ ನೀರು ಮೊದಲ ಸಲ ತಿಳಿಯಾಗಿ ಬರುತ್ತದೆ. ಮಚ್ಛೇಂದ್ರ ಹಾರೆ ಕೊಟ್ಟು ಒರಗುತ್ತಾರೆ. ಬೆರಳ ಗಂಟು ಮುರಿದಂಥ ಸಣ್ಣ ಸದ್ದು. ಚಕ್ರ ಒಂದು ಹಲ್ಲು ಸರಿದಿದೆ. ಅವರು ಕೂಗುವುದಿಲ್ಲ. ಹಾರೆ ತೆಗೆದು, ಹಿಂದಕ್ಕೆ ಒಂದು ಹಲ್ಲು ತರುತ್ತಾರೆ. ಮುಂದಕ್ಕೆ ಎರಡು, ಹಿಂದಕ್ಕೆ ಎರಡು. ಏಳು ಗಂಟೆಗೆ ಚಕ್ರ ಪೂರಾ ಒಂದು ಸುತ್ತು ಬರುತ್ತದೆ.

ಪಿಸ್ಟನ್ನು ಕೆಳಗಿಳಿದ ಮೇಲೆ ಅವರು ಸಿಲಿಂಡರಿನ ಗೋಡೆಯನ್ನು ಒರೆಸಿ ನೋಡುತ್ತಾರೆ. ಅರಗು ಹೋದಲ್ಲಿ ಕಬ್ಬಿಣ ಹೊಸದರಂತೆ ಮಿಂಚುತ್ತಿದೆ. ಎಂಟು ಮಳೆಗಾಲ ಕಳೆದಿದ್ದರೂ ಸಾಸಿವೆಯಷ್ಟು ತುಕ್ಕಿಲ್ಲ. ಕಟ್ಟಿಹಾಕಿದ ಎಣ್ಣೆಯೇ ಕಾಪಾಡಿತ್ತು. “ಅವ್ವ ಹೇಳಿದ್ದು ಪೂರಾ ಸುಳ್ಳಲ್ರಿ,” ಎಂದು ಅವರು ಅಂದಿದ್ದು ಯಾರಿಗೂ ಕೇಳಿಸುವಷ್ಟು ಗಟ್ಟಿಯಾಗಿರಲಿಲ್ಲ.

ಇನ್ನು ಉಳಿದದ್ದು ಹತ್ತು ತಾಸು. ಸವಳಿನ ಹನಿ ಒಳಗುಳಿದರೆ ಅದೇ ಕಬ್ಬಿಣ ತಿನ್ನುತ್ತದೆ. ಎಲ್ಲವನ್ನೂ ಚಿಮಣಿ ಎಣ್ಣೆಯಲ್ಲಿ ಮೂರು ಸಲ ತೊಳೆದು, ಈ ಬಾರಿ ಸರಿಯಾದ ಎಣ್ಣೆ ಹಾಕುತ್ತಾರೆ. ತಾಮ್ರದ ಹಾಳೆ ಇಟ್ಟು, ಮುಚ್ಚಳ ಕೂಡಿಸಿ, ಬೋಲ್ಟುಗಳನ್ನು ನಡುವಿನಿಂದ ಹೊರಗಿನ ಕಡೆಗೆ ಒಂದೊಂದಾಗಿ ಬಿಗಿಯುತ್ತಾರೆ. ಇಲಿ ಕಡಿದ ತಂತಿಗೆ ಹೊಸ ತಂತಿ. ಸೀಳಿದ ಎರಡು ಟಯರಿಗೆ ಒಳಗಿನಿಂದ ಹಳೆ ಟಯರಿನ ಪಟ್ಟಿ. ಮೂರು ಗಂಟೆಗೆ ಎಂಜಿನ್ ತಿರುಗಿಸುವ ಹ್ಯಾಂಡಲ್ ಕೈಗೆ ಬರುತ್ತದೆ.

ಹದಿನಾರು ಸಲ ತಿರುಗಿಸಿದರೂ ಕಾರು ಉಸಿರೆತ್ತುವುದಿಲ್ಲ. ಹದಿನೇಳನೆಯದಕ್ಕೆ ಒಮ್ಮೆ ಸೀನುತ್ತದೆ, ಕೆಮ್ಮುತ್ತದೆ, ಆಮೇಲೆ ನಡುಗುತ್ತ ಹತ್ತಿಕೊಳ್ಳುತ್ತದೆ. ಕೊಳವೆಯಿಂದ ಬೆಳ್ಳನೆಯ ಹೊಗೆ ಎದ್ದು ಹೊಲದ ತುಂಬ ಹರಡುತ್ತದೆ. ಮೂಲೆಮೂಲೆಯಲ್ಲಿ ಉಳಿದಿದ್ದ ಕುಸುಬೆ ಎಣ್ಣೆ ಉರಿಯುತ್ತಿದೆ.

“ಏ, ಯಾರ್ ಮನ್ಯಾಗ ಭಜಿ ಕರೀಲತ್ತಾರಪಾ!” ಶಿವರಾಜಪ್ಪನವರು ಮೂಗರಳಿಸುತ್ತಾರೆ. ಒಳಗೆ ಹೋಗಿ ತಾವೇ ಚಹಾ ತರುತ್ತಾರೆ. ಗೂಡಿನ ಬಟ್ಟಲನ್ನು ಅವರು ಮರೆತರೋ, ಮರೆತಂತೆ ಮಾಡಿದರೋ, ಮಚ್ಛೇಂದ್ರರ ಕೈಗೆ ಬಂದದ್ದು ಮನೆಯೊಳಗಿನ ಬಟ್ಟಲು.

ನಾಲ್ಕೂ ಇಪ್ಪತ್ತಕ್ಕೆ ಕರಿ ಶೆವರ್ಲೆ ಭಜಿಯ ವಾಸನೆ ಬಿಡುತ್ತ ಬೀದರಿನ ದಫ್ತರದ ಮುಂದೆ ನಿಲ್ಲುತ್ತದೆ. ಎಂಜಿನ್ ನಿಲ್ಲಿಸಲು ಮಚ್ಛೇಂದ್ರರಿಗೆ ಧೈರ್ಯವಿಲ್ಲ. ಖಾಲಿ ಅಲಮಾರುಗಳ ನಡುವಿನಿಂದ ಗುಮಾಸ್ತರು ಹೊರಬರುತ್ತಾರೆ, ಗ್ರಂಥದಷ್ಟು ದಪ್ಪದ ಪುಸ್ತಕ ಕಂಕುಳಲ್ಲಿ.

“ಬಂದ್ ಮಾಡ್ರಿ.”

“ಓಡ್ಲತ್ತದಲ್ರಿ ಸಾಹೇಬ್ರ.”

“ನನ್ನ ಕಣ್ಣ ಮುಂದ ಚಾಲೂ ಆಗ್ಬೇಕು. ತಳ್ಳಿಕೊಂಡು ಬಂದು ಮೂಲಿಗಿ ಚಾಲೂ ಮಾಡಿದವ್ರನ್ನ ಬೆಳಗಿಂದ ಮೂರು ಮಂದಿ ನೋಡೀನಿ.”

ಮಚ್ಛೇಂದ್ರ ಕೀಲಿ ತಿರುಗಿಸುತ್ತಾರೆ. ದಫ್ತರದ ಅಂಗಳ ಒಮ್ಮೆಲೇ ನಿಶ್ಶಬ್ದ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಸೇರಿಸುತ್ತಾರೆ, ತಿರುಗೇಟು ಕೊಟ್ಟರೆ ಮುರಿಯಬಾರದೆಂದು. ಒಂದು. ಇಲ್ಲ. ಎರಡು. ಇಲ್ಲ. ಬೇಗಂ ಹಿಂದಿನ ಸೀಟಿನಲ್ಲಿ ಚರ್ಮದ ಚೀಲವನ್ನು ಎದೆಗವಚಿಕೊಂಡಿದ್ದಾರೆ. ಮೂರನೆಯದಕ್ಕೆ ಹತ್ತಿಕೊಳ್ಳುತ್ತದೆ. ಗುಮಾಸ್ತರು ಮೂಗಿಗೆ ಕರವಸ್ತ್ರ ಹಿಡಿದು ಬರೆಯತೊಡಗುತ್ತಾರೆ.

“ಓಡಿಸೋರು?”

“ಮಚ್ಛೇಂದ್ರ. ತಂದಿ ಪಂಢರಿ, ಸಾಕಿನ್ ಔರಾದ,” ಹಿಂದಿನ ಸೀಟಿನಿಂದ ಬೇಗಂ ಹೇಳುತ್ತಾರೆ.

“ಎಷ್ಟು ವರ್ಷದಿಂದ ನಿಮ್ಮ ಹಂತ್ಯಾಕ ನೌಕರಿ?”

“ಹದಿನೆಂಟು.”

ಮಚ್ಛೇಂದ್ರ ತಿರುಗಿ ನೋಡುತ್ತಾರೆ. ಓಡಿಸಿದ್ದು, ತೊಳೆದದ್ದು ಎಲ್ಲ ಸೇರಿ ಹತ್ತೇ ವರ್ಷ. ಉಳಿದ ಎಂಟು ವರ್ಷ ಗಾಡಿ ಬಣವೆಯೊಳಗಿತ್ತು, ಅವರು ಭಾಲ್ಕಿಯಲ್ಲಿದ್ದರು. ಏನೋ ಹೇಳಲು ಬಾಯಿ ತೆರೆಯುತ್ತಾರೆ. ಬೇಗಂ ಕಿಟಕಿಯಾಚೆ ನೋಡುತ್ತಿದ್ದಾರೆ. ಗುಮಾಸ್ತರು ಹದಿನೆಂಟು ಎಂದು ಬರೆದು, ಶಾಯಿ ಆರಲೆಂದು ಊದುತ್ತಾರೆ.

ಈಗ ಜನವರಿ. ಔರಾದದಲ್ಲಿ ಮಚ್ಛೇಂದ್ರ ಪ್ರತಿದಿನ ಬೆಳಗಿನ ಐದಕ್ಕೆ ಎದ್ದು, ಯಾರೂ ಕರೆಯದಿದ್ದರೂ ಎಂಜಿನ್ ಒಮ್ಮೆ ಎಬ್ಬಿಸಿ, ಐದು ನಿಮಿಷ ಕಿವಿಗೊಟ್ಟು ನಿಲ್ಲುತ್ತಾರೆ. ಇಷ್ಟರಲ್ಲಿ ಹನ್ನೊಂದು ಹೆಣ್ಣುಮಕ್ಕಳನ್ನು ಬೀದರಿಗೆ ಮುಟ್ಟಿಸಿದ್ದಾರೆ. ಒಂದು ಕೂಸು ದಾರಿಯಲ್ಲೇ, ಹಿಂದಿನ ಸೀಟಿನಲ್ಲೇ ಹುಟ್ಟಿತು. ತಾಯಿ, ಮಗು ಚೆನ್ನಾಗಿದ್ದಾರೆ.

ಆ ಹದಿನೆಂಟರ ಲೆಕ್ಕ ತಪ್ಪಲ್ಲವೇ, ತಿದ್ದಿಸಲಿಲ್ಲವೇಕೆ ಎಂದು ಕೇಳಿದರೆ ಅವರು ರೇಡಿಯೇಟರಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸುತ್ತಾರೆ.

“ಮೈಸೂರ ಸರಕಾರಕ್ಕ ಹೋದ ಕಾಗದ ರಿ ಅದು. ಅದರಾಗ ಹದಿನೆಂಟು ಅಂತ ಅದ. ತಿದ್ದೋರು ನಾವ್ಯಾರ್ರಿ?”